ಕಾಲು ಸುತ್ತು

ಶಿಡ್ಲಘಟ್ಟ. ಗೂಡು ಒಣಗಿಸುವ ಕೋಣೆಯ ಹಿಂಬದಿ
ಹೀಟ್ ಪಂಪು ಗುಂಯ್‌ಗುಡುತ್ತಿದೆ.
ದಸ್ತಗೀರ್ ಸಾಬರು ಗೇಜು ನನ್ನ ಕೈಗಿಟ್ಟರು:
"ನೀಲಿ ಪೈಪು ತಗ್ಗು ಒತ್ತಡಕ್ಕೆ, ಕೆಂಪು ಏರಿಗೆ.
ಮೊದಲು ಕನ್ನಡಕ, ಕೈಗವಸು.
ವಾಲ್ವಿಗೆ ಮುಖ ಕೊಡಬೇಡ, ಪಕ್ಕಕ್ಕೆ ನಿಲ್ಲು."

ಹಿತ್ತಾಳೆ ಟೋಪಿ ಬಿಚ್ಚಿದೆ.
ಅಲೆನ್ ಕೀ ಒಳಗೆ ಕೂತಿತು.
"ಕಾಲು ಸುತ್ತು ಶಾಹೀನಾ, ಕಾಲೇ ಸುತ್ತು.
ನಿಮ್ಮಮ್ಮ ಗೂಡಿನ ಎಳೆ ಹುಡುಕ್ತಾಳಲ್ಲ,
ಹಾಗೆ."

ಅಮ್ಮನ ಬೆರಳು
ಬಿಸಿನೀರಲ್ಲಿ ನೆನೆನೆನೆದು ಬಿಳಿಚಿದ್ದು.
ಸಾಬರ ತೋರುಬೆರಳೂ ಬಿಳಿಯೇ:
ಚಿಂತಾಮಣಿಯಲ್ಲೊಮ್ಮೆ
ಅವಸರಕ್ಕೆ ಬರಿಗೈಲಿ ಪೈಪು ಕಿತ್ತಾಗ
ಗ್ಯಾಸು ತಣ್ಣಗೆ ಸುಟ್ಟಿತಂತೆ.
ಉಗುರು ಮತ್ತೆ ನೆಟ್ಟಗೆ ಬರಲೇ ಇಲ್ಲ.

ಮುಳ್ಳು ನಡುಗಿತು, ಏರಿತು, ನಿಂತಿತು.
ಅಂಕಿ ಓದಿ ಹೇಳಿದೆ.
ಅವರು ಹಚ್ಚದ ಬೀಡಿ ಕಚ್ಚಿಕೊಂಡೇ ತಲೆಯಾಡಿಸಿದರು.

ವಾಲ್ವು ಮುಚ್ಚಿ, ಪೈಪು ಬಿಡಿಸಿ,
ಟೋಪಿ ಬಿಗಿದು, ಸೋಪಿನ ನೊರೆ ಸವರಿ
ಕುಕ್ಕರಗಾಲಲ್ಲಿ ಕಾದೆವು.
ಗುಳ್ಳೆ ಏಳಬಾರದು.
ಏಳಲಿಲ್ಲ.

ಗೋಡೆಯಾಚೆ ತಟ್ಟೆತಟ್ಟೆಯಲ್ಲಿ
ಗೂಡಿನೊಳಗಿನ ಹುಳು
ಒಂದೊಂದಾಗಿ, ಸದ್ದಿಲ್ಲದೆ, ಬಿಸಿಗೆ ಸಾಯುತ್ತಿತ್ತು.
"ಎಲ್ಲ ಸರಿಯಾಯ್ತು, ನಡಿ" ಅಂದರು ಸಾಬರು.

ನಾನು ಟೋಪಿಯನ್ನು
ಇನ್ನೊಮ್ಮೆ ಮುಟ್ಟಿ ನೋಡಿದೆ.