ಮೂಲೆ ತೂಕ

ಬೈತಖೋಲದ ಟ್ರಾಲರುಗಳೆಲ್ಲ ಹಗ್ಗಕ್ಕೆ ಬಿದ್ದ ಜೂನ್.
ಅರವತ್ತೊಂದು ದಿನ ಬಲೆಗೆ ರಜೆ,
ಪ್ರೊಪೆಲ್ಲರ್ ಶಾಫ್ಟು ತಿದ್ದುವ ನನ್ನ ಲೇತಿಗೂ ರಜೆ.
ವಾಮನ ಪೆಡ್ಣೇಕರನ ನಾಲ್ಕು ತೂಕದ ಮಶೀನು
ಐಸ್ ಗೋದಾಮಿನಲ್ಲಿ ಕವಚಿ ಮಲಗಿದ್ದವು.
ಕೇಳಿದೆ. ಕೊಟ್ಟ.
"ಕಾರು ತೂಗ್ತೀಯಾ ಶೇವಂತಕ್ಕ? ಕಿಲೋಗೆ ಹ್ಯಾಂಗೆ?" ಅಂತ ನಕ್ಕ.

ಕಾರು ಅಂದರೆ,
ಅರ್ಗಾದಿಂದ ವರ್ಗವಾಗಿ ಹೋದ ಸಾಹೇಬರೊಬ್ಬರು
ಗುಜರಿ ಬೆಲೆಗೆ ಬಿಟ್ಟುಹೋದ ಏಳು ಪೆಟ್ಟಿಗೆ.
ಪೈಪಿನ ಚಾಸಿ, ಎರಡೇ ಸೀಟು, ಬಾಗಿಲಿಲ್ಲ,
ಜೊತೆಗೊಂದು ಪುಸ್ತಕ; ನಲವತ್ತನೇ ಪುಟದಿಂದ ಐವತ್ತೆರಡರವರೆಗೆ
ಗೆದ್ದಲು ನನಗಿಂತ ಮುಂಚೆ ಓದಿ ಮುಗಿಸಿತ್ತು.
ಆ ಹನ್ನೆರಡು ಪುಟಕ್ಕೆ ನನಗೆ ಎರಡು ವರ್ಷ ಹಿಡಿಯಿತು.

ಹಳೇ ಜಿಪ್ಸಿಯ ಎಂಜಿನ್ನು ಇಳಿಸಿದರೆ ಬಾನೆಟ್ಟು ಮುಚ್ಚಲೊಲ್ಲದು.
ದೋಣಿಗೆ ತೇಪೆ ಹಾಕುವ ಇನಾಸ್ ಬಂದ,
ಗ್ರೈಂಡರಿನಿಂದ ಬಾನೆಟ್ಟಿನ ಹೊಟ್ಟೆ ಕೊಯ್ದ,
ಫೈಬರ್ ಚಾಪೆ ಹಾಸಿ, ರೆಸಿನ್ ಬಳಿದು, ಗೂನು ಎಬ್ಬಿಸಿದ.
"ಓಡೋದು ಗೊತ್ತಿಲ್ಲ ಬಾಯಿ,
ಮುಳುಗೋದಿಲ್ಲ, ಅಷ್ಟು ಗ್ಯಾರಂಟಿ."

ಕೋಡಿಬಾಗದ ನನ್ನ ಶೆಡ್ಡಿನ ನೆಲ ಕಾಳಿ ನದಿಯ ಕಡೆ ವಾಲಿದೆ.
ಗೌಂಡಿಗಳ ನೀರಿನ ಪೈಪು ಹಿಡಿದು ಮಟ್ಟ ನೋಡಿದೆ,
ಹಲಗೆ ಇಟ್ಟೆ, ಹಲಗೆಯ ಕೆಳಗೆ ತಗಡು, ತಗಡಿನ ಕೆಳಗೆ
ಹಳೇ ಕ್ಯಾಲೆಂಡರಿನ ಎರಡು ಹಾಳೆ.
ಗಾಲಿಯ ಓರೆಗೆ ತೂಗುಗುಂಡು.
ಮೂತಿಯಿಂದ ಬಾಲದವರೆಗೆ ಗಾಳದ ತಂಗೂಸು ಎಳೆದು ಕಟ್ಟಿ
ಬೆರಳಿಂದ ಮೀಟಿದೆ:
ಬಿಗಿಯಾಗಿತ್ತು.

ಆಮೇಲೆ ಗಾಲಿಗೊಂದು ಮಶೀನು, ಸೀಟಿಗೆ ನಾನು,
ಅರ್ಧ ಟ್ಯಾಂಕು ಪೆಟ್ರೋಲು. ಇನಾಸ್ ಬಗ್ಗಿ ಓದಿದ.
ಮುಂದಿನ ಎಡ ನೂರಾ ನಲವತ್ತೆಂಟು,
ಮುಂದಿನ ಬಲ ನೂರಾ ಅರವತ್ತಮೂರು,
ಹಿಂದಿನ ಎಡ ನೂರಾ ಎಪ್ಪತ್ತೊಂದು, ಬಲ ನೂರಾ ಐವತ್ತೆಂಟು.
ಮೂಲೆಯಿಂದ ಮೂಲೆಗೆ ಕೂಡಿದರೆ
ಇಪ್ಪತ್ತೆಂಟು ಕಿಲೋ ಜಗಳ.

ಹಿಂದಿನ ಎಡದ ಸ್ಪ್ರಿಂಗಿನ ಬಟ್ಟಲು ಅರ್ಧ ಸುತ್ತು ಇಳಿಸಿದರೆ
ಮುಂದಿನ ಬಲ ಹಗುರಾಗುತ್ತದೆ,
ಮುಟ್ಟದ ಎರಡು ಗಾಲಿ ಭಾರ ಹೊರುತ್ತವೆ.
ಇಳಿಸು, ಕುಲುಕು, ಹತ್ತು, ಓದು.
ಇಳಿಸು, ಕುಲುಕು, ಹತ್ತು.
ಸಂಜೆಯೊಳಗೆ ಮಂಡಿ ಬಾತಿತು.
ರಾತ್ರಿ ಒಂಬತ್ತಕ್ಕೆ ಮುನ್ನೂರಿಪ್ಪತ್ತು, ಮುನ್ನೂರಿಪ್ಪತ್ತು.
ಇನಾಸ್ ಶಿಲುಬೆ ಗುರುತು ಹಾಕಿಕೊಂಡ.
ಅವನು ಕೂತರೆ ಲೆಕ್ಕ ಕೆಡುತ್ತದೆ, ಯಾರು ಕೂತರೂ ಕೆಡುತ್ತದೆ.
ನನ್ನ ಎಪ್ಪತ್ತೊಂದು ಕಿಲೋಗೆ ಮಾತ್ರ
ಈ ಲೋಕದಲ್ಲಿ ಒಂದು ವಸ್ತು ಸಮ ನಿಂತಿತ್ತು.
ಊಟ ಬಿಟ್ಟು ಅಲ್ಲೇ ಕೂತಿದ್ದೆ, ಸ್ಟೇರಿಂಗ್ ಹಿಡಿದು, ದೀಪ ಆರಿಸಿ.

ಆಗಸ್ಟ್ ಒಂದು. ವಾಮನ ಟೆಂಪೋ ತಂದ.
ಮೂರು ಏರಿಸಿದ. ನಾಲ್ಕನೆಯದರ ಮುಂದೆ,
ನೀಲಿ ಬಣ್ಣದ್ದು, ಹಿಂದಿನ ಬಲದ್ದು,
ಚಪ್ಪಲಿಯಿಂದ ನೆಲ ಕೆರೆಯುತ್ತ ನಿಂತ.
"ಅಕ್ಕಾ, ಇದು… ಮೂರು ಕಿಲೋ ಕಮ್ಮಿ ತೋರಿಸ್ತದೆ."
"ಯಾವಾಗಿಂದ?"
"ಅಪ್ಪನ ಕಾಲದಲ್ಲಿ ಮುಳ್ಳಿನದಿತ್ತಲ್ಲ, ಅದೂ."

ನನ್ನ ಅಣ್ಣನ ದೋಣಿಯ ಬಂಗಡೆ ತೂಗಿದ್ದು ಅದರ ಮೇಲೇ.
ಹದಿನೆಂಟು ಹಂಗಾಮು.
ದಿನಕ್ಕೆ ಎಷ್ಟು ಬುಟ್ಟಿ, ನೀವೇ ಹೇಳಿ.
ಕಡೆಗೆ ದೋಣಿ ಮಾರಿದ ದಿನ
ಅಣ್ಣ ಬೈದದ್ದು ಕಡಲಿಗೆ.

ಬಾಯಿಗೆ ಬಂದದ್ದನ್ನು ನುಂಗಿದೆ.
"ಆ ಮೂರನ್ನೂ ಇಳಿಸು," ಅಂದೆ.
"ಹರಾಜಿಗೆ ಹೊತ್ತಾಯ್ತು ಅಕ್ಕಾ."
"ಇಳಿಸು."
ಹಲಗೆ ಜೋಡಿಸಿದೆವು. ಜಾಕಿ ಏರಿಸಿ ಇಳಿಸಿದೆವು.
ಸ್ಪ್ಯಾನರ್ ತೊಡೆಯ ಮೇಲಿಟ್ಟುಕೊಂಡು ಸೀಟಿಗೆ ಇಳಿದೆ.
"ಓದು. ನೀನೇ ಓದು."
ವಾಮನ ನೀಲಿಯ ಮುಂದೆ ಕುಕ್ಕರಗಾಲಲ್ಲಿ ಕೂತ.
"ನೂರಾ ಅರವತ್ತೈದು."
"ಸೇರಿಸಿ ಓದು."
ಬಂದರಿನ ಕಡೆಯಿಂದ ಮೊದಲ ಟ್ರಾಲರಿನ ಸದ್ದು.
"ನೂರಾ ಅರವತ್ತೆಂಟು," ಅಂದ.
"ಗಟ್ಟಿಯಾಗಿ."