ಹೆಲ್ಮೆಟ್ಟಿನಲ್ಲಿ ಕಾವು

ಡೈರಿಗೆ ಹಾಲು ಹಾಕಿ ಬಂದವರು
ಕೊಟ್ಟಿಗೆಯ ಅಟ್ಟದ ಮೇಲೆ ಕತ್ತಲಲ್ಲೇ ಕೈಯಾಡಿಸಿದರು.
ಹೆಲ್ಮೆಟ್ಟು ಕುಕ್ಕಿತು.

ಅವರು ಕೂಗಿದ್ದು ಕೇಳಿ, ಹಾವೇ ಇರಬೇಕೆಂದು
ಮುದ್ದೆ ತಿರುವೋ ಕೋಲು ಹಿಡಿದೇ ಓಡಿದೆ,
ಇತ್ತ ಒಲೆ ಮೇಲೆ ಹಿಟ್ಟು ಗಂಟಾಯಿತು.
ನೋಡಿದರೆ ನಮ್ಮ ಬೊಟ್ಟಿನ ಕೋಳಿ!
ಹದಿನೈದು ದಿನದಿಂದ ಯಾರ ಹಿತ್ತಿಲಲ್ಲಿ ಇಡುತ್ತಿದೆಯೋ ಎಂದು
ಆಚೆಮನೆ ಚಿಕ್ಕಮಾರಕ್ಕನ ಮೇಲೆ ಅನುಮಾನಪಟ್ಟು
ನಾನು ಮಾತು ಬಿಟ್ಟಿದ್ದೆನಲ್ಲ,
ಅದೇ ಕೋಳಿ
ಅಂಗಾತ ಬಿದ್ದ ಹೆಲ್ಮೆಟ್ಟಿನೊಳಗೆ
ಒಂಬತ್ತು ಮೊಟ್ಟೆ ಮೇಲೆ ಉಬ್ಬಿಕೊಂಡು
ಸೊಸೈಟಿ ಸೆಕ್ರೆಟರಿ ಹಾಗೆ ಕೂತಿದೆ.

ಕಾವಿಗೆ ಕೂತದ್ದನ್ನು ಎಬ್ಬಿಸಬಾರದು ಅಂದೆ.
ಎಬ್ಬಿಸದೆ ಹೋದರೆ ಐನೂರು ಅಂದರು.

ಹೆಸರಘಟ್ಟದ ಕೆರೆ ಏರಿ ಮೇಲೆ
ಹೆಲ್ಮೆಟ್ಟು ಎಲ್ಲಿ ಅಂತ ಕೇಳುವುದು ಗಾಳಿ ಒಂದೇ.
ಜಾಲಹಳ್ಳಿ ಕ್ರಾಸಿನಲ್ಲಿ ಮಾತ್ರ
ಮರದ ನೆರಳಲ್ಲಿ ನಿಂತಿರುತ್ತಾನೆ ಕೇಳುವವನು.
ಆವತ್ತು ಪಂಪಿಗೆ ವಾಷರ್ ತರಲೇಬೇಕಿತ್ತು.
ತಲೆಗೆ ಟವೆಲ್ ಸುತ್ತಿಕೊಂಡು ಹೋದರು,
ವಾಷರಿಗೆ ಮೂವತ್ತು, ತಲೆಗೆ ಐನೂರು
ಕೊಟ್ಟು ಬಂದರು.

ಚೀಟಿಯಲ್ಲಿ ಹೆಸರು ಇಂಗ್ಲಿಷಿನಲ್ಲಿ ಅಚ್ಚಾಗಿತ್ತು.
ಮಗಳು ಓದಿ ಹೇಳಿದಳು: ಗಂಗ ಬಾಯಿರಯ್ಯ.
ಇಪ್ಪತ್ತೆರಡು ವರ್ಷದಿಂದ ನಾನು ಬಾಯಲ್ಲಿ ಆಡದ ಹೆಸರು.
ಸೆರಗು ತುರುಕಿಕೊಂಡರೂ ನಗು ನಿಲ್ಲಲಿಲ್ಲ.
ಅವರು ಆ ಕಡೆ ತಿರುಗಿ ಕೂತು
ಒಂದು ಮೊಟ್ಟೆಗೆ ಐವತ್ತೈದೂವರೆ ಬಿತ್ತು
ಎಂದು ಲೆಕ್ಕ ಹಾಕುತ್ತಿದ್ದರು.

ಆಮೇಲೆ ಇಪ್ಪತ್ತು ದಿನ ಬಸ್ಸು.
ದಂಟಿನ ಸೊಪ್ಪಿನ ಮೂಟೆ ಕಾಲಡಿ, ಕೊತ್ತಂಬರಿ ತೊಡೆ ಮೇಲೆ.
ಕಂಡಕ್ಟರು ಐದನೇ ಕ್ಲಾಸಿನಲ್ಲಿ ಪಕ್ಕ ಕೂರುತ್ತಿದ್ದ
ಮುನಿಆಂಜಿನಿಯಂತೆ, ಎರಡು ರೂಪಾಯಿ ಚಿಲ್ಲರೆ
ಆಗಲೂ ಕೊಡುತ್ತಿರಲಿಲ್ಲವಂತೆ.
ಅದನ್ನು ಹೇಳುತ್ತಾ ಉಣ್ಣುವುದು ಮರೆತರು.

ಅವರೆಕಾಯಿ ಕಾಲ ಬೇರೆ.
ಸಂಜೆ ಜಗಲಿಯಲ್ಲಿ ಕಾಳು ಹಿತುಕಲು ಕೂತರೆ
ಬೇಳೆ ಒಂದು ಕಡೆ, ಸಿಪ್ಪೆ ಒಂದು ಕಡೆ,
ಒಂದೆರಡು ಚಿಮ್ಮಿ ಟೀವಿ ನೋಡೋರ ಕಿವಿಗೆ.
ಬೆರಳ ತುದಿಯ ಸೊಗಡು
ಸೋಪು ಹಾಕಿದರೂ ಹೋಗದು, ಹೋಗಲಿ ಎಂದೂ ಅನಿಸದು.
ಚಿಕ್ಕಮಾರಕ್ಕನಿಗೆ ಒಂದು ಬಟ್ಟಲು ಸಾರು ಕಳಿಸಿದೆ.
ತಪ್ಪಾಯ್ತು ಅನ್ನುವುದಕ್ಕೆ ನನಗೆ ಬೇರೆ ಮಾತು ಗೊತ್ತಿಲ್ಲ.
ಬಟ್ಟಲು ಬರಿದಾಗಿ ಬರಲಿಲ್ಲ,
ಅದರಲ್ಲಿ ಎರಡು ಮೊಟ್ಟೆ.
ಯಾವ ಕೋಳಿಯದೆಂದು ನಾನು ಕೇಳಲಿಲ್ಲ.

ಯಲಹಂಕ ಕಡೆಯಿಂದ ವಿಮಾನ ಕಿರುಚಿಕೊಂಡು ಬಂದ ದಿನ
ಎಮ್ಮೆ ಬೆದರಿ ಒದೆಯಿತು,
ಅರ್ಧ ಬಕೆಟ್ಟು ಹಾಲು ನೆಲಕ್ಕೆ, ನಾನು ಸಗಣಿಗೆ.
ಅಟ್ಟದ ಮೇಲೆ ಆ ಮಹಾತಾಯಿ
ಕಣ್ಣು ಕೂಡ ಪಿಳುಕಿಸಲಿಲ್ಲ.

ಏಳು ಮರಿ ಆದವು. ಎರಡು ಕಲ್ಲಾಗಿದ್ದವು.
ಹೆಲ್ಮೆಟ್ಟಿಗೆ ಎರಡು ಶಾಂಪೂ ಪ್ಯಾಕೆಟ್ಟು ಸುರಿದು ಉಜ್ಜಿ
ತುಳಸಿ ಕಟ್ಟೆ ಮೇಲೆ ಮೂರು ಬಿಸಿಲು ಒಣಗಿಸಿದೆ.
ಅದೇ ಮರದ ನೆರಳಲ್ಲಿ ಅದೇ ಪೊಲೀಸಿನವನು ಕೈ ಅಡ್ಡ ಹಾಕಿದನಂತೆ.
ಇವರು ಗಾಜು ಮೇಲೆತ್ತಿದರಂತೆ.
ಅವನು ಮೂಗು ಹಿಡಿದು, ಹೋಗಪ್ಪ, ಹೋಗು ಅಂದನಂತೆ.
ಬಂದಾಗ ಕ್ರಾಪಿನಲ್ಲಿ ಒಂದು ಪುಕ್ಕ.
ನಾನು ಹೇಳಲಿಲ್ಲ. ಊಟದ ತನಕ ಹಾಗೇ ಇತ್ತು.

ಮೊನ್ನೆ ರಸ್ತೆಬದಿಯಲ್ಲಿ ಹೊಸದೊಂದು ಕೊಂಡು ತಂದಿದ್ದಾರೆ, ಕೆಂಪು.
ಎಷ್ಟಾಯಿತೆಂದು ಅವರು ಹೇಳಿಲ್ಲ.
ಹಳೆಯದು ಅಟ್ಟದ ಮೇಲೆ ಮತ್ತೆ ಅಂಗಾತ ಇದೆ,
ಒಳಗೆ ಹೊಸ ಹುಲ್ಲಿನ ಹಾಸಿಗೆ,
ಗೇಣುದ್ದಕ್ಕೆ ಸಮನಾಗಿ ಕತ್ತರಿಸಿದ್ದು.

ಕೋಳಿಗೆ ಕುಡುಗೋಲು ಹಿಡಿಯಲು ಬರುವುದಿಲ್ಲ.