ಕಡತಕ್ಕೆ ಸೇರದ್ದು

ನನ್ನ ಯಂತ್ರಕ್ಕೆ ಇಪ್ಪತ್ತೆರಡೇ ಕೀಲಿ.
ಅಷ್ಟರಲ್ಲೇ ಹಿಡಿಯುತ್ತೇನೆ ಈ ರಾಜ್ಯದ ತಂಟೆ ತಕರಾರು:
ಹುಲ್ಲುಗಾವಲಿನ ತೆರಿಗೆ, ಎಣ್ಣೆಯ ಕೊಳವೆ,
ಜಿಂಕೆ ಬೇಟೆಗೆ ಎಷ್ಟು ದಿನ ಅನ್ನುವ ವಾರಗಟ್ಟಲೆ ಮಾತು.
ಕೆಮ್ಮನ್ನು ಬಿಡುತ್ತೇನೆ. ನಕ್ಕರೆ, ‘ನಗು’ ಎಂದು ಹೊಡೆಯುತ್ತೇನೆ.
ಇಪ್ಪತ್ತಾರು ವರ್ಷ ನನ್ನ ಅಭಿಪ್ರಾಯವನ್ನು ಯಾರೂ ಕೇಳಿಲ್ಲ;
ಹೇಳದೆ ಇರುವುದಕ್ಕೇ ಸಂಬಳ.

ಫೆಬ್ರವರಿಯ ಮಂಗಳವಾರ, ಪಿಯರ್ ಪಟ್ಟಣ.
ಮಿಸೌರಿ ನದಿ ಎರಡೂ ದಡದಿಂದ ಹೆಪ್ಪುಗಟ್ಟುತ್ತ ಬಂದು
ನಡುವೆ ಒಂದು ಕಪ್ಪು ಎಳೆ ಮಾತ್ರ ಹರಿಯುತ್ತಿತ್ತು.
ಇವತ್ತಿನ ಮಸೂದೆ: ಗಾಂಜಾ, ಔಷಧವಾಗಿ.
ಆ ‘ವಾಗಿ’ಯ ಮೇಲೇ ಕಾದಾಟ.

ತಲೆಗೆ ಮೂರು ನಿಮಿಷ.
ಹಸಿರು ದೀಪ, ಹಳದಿ ದೀಪ, ಕೆಂಪು.

ಮೊದಲು ಬಂದವನು ವೆಂಡೆಲ್ ಸ್ಕಾಡ್, ನಿವೃತ್ತ ಶೆರಿಫ್.
ಗದರುತ್ತಾನೆ ಅಂದುಕೊಂಡಿದ್ದೆ.
ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಅಂದ:
‘ಹತ್ತೊಂಬತ್ತಕ್ಕೆ ನನ್ನ ಮಗನಿಗೆ ಗೋಡೆ ಮಾತಾಡಿಸತೊಡಗಿತು.
ಅದು ಈ ಹೊಗೆಯಿಂದಲೇ ಎಂದು ಆಣೆ ಮಾಡಲಾರೆ.
ಅಲ್ಲ ಎಂದು ಆಣೆ ಮಾಡಬಲ್ಲವರಿದ್ದರೆ
ಬನ್ನಿ, ನನ್ನ ಪಕ್ಕ ಕೂತುಕೊಳ್ಳಿ.’
ಯಾರೂ ಏಳಲಿಲ್ಲ. ದೀಪವಿನ್ನೂ ಹಸಿರಾಗಿತ್ತು.
ಮಿಕ್ಕ ಸಮಯವನ್ನು ಅವನು ಹಾಗೇ ಬಿಟ್ಟು ಹೋದ.

ಆಮೇಲೆ ಡಾಕ್ಟರಮ್ಮ. ‘ಪುರಾವೆ ಸಾಲದು’ ಎಂದು ಎಷ್ಟು ಸಲ ಅಂದಳೆಂದರೆ
ಆ ಮಾತಿಗೆ ಎರಡೇ ಬೆರಳಿನ ಒಂದು ಹೊಡೆತ ಮಾಡಿಕೊಂಡೆ.
ಸುಳ್ಳೇನೂ ಆಡಲಿಲ್ಲ ಪಾಪ, ಪುರಾವೆ ಸಾಲದೇ ಇತ್ತು.
ಯುದ್ಧದಿಂದ ಬಂದ ಎಮರ್ಸನ್ ಟೂ ಕ್ರೇನ್ಸ್ ಕೇಳಿದ:
‘ಅಫೀಮಿನ ಮಾತ್ರೆ ನೂರಿಪ್ಪತ್ತು, ಅಂಚೆಯಲ್ಲೇ ಬರುತ್ತದೆ ಮನೆಗೆ.
ಅದರ ಪುರಾವೆ ನಮ್ಮೂರ ಸ್ಮಶಾನದಲ್ಲಿದೆ. ಸಾಲದೇ?’

ಆಮೇಲೆ ಅವಳು. ಜೊಲೀನ್ ಹ್ಯಾಗೆಡಾರ್ನ್.
ಚೀಸ್ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿ
ಇನ್ನೂರು ಮೈಲಿ ಕಾರು ಓಡಿಸಿದವಳು;
ಕೂದಲ ಬಲೆ ತೆಗೆಯುವುದನ್ನೂ ಮರೆತಿದ್ದಳು.
‘ಬ್ರಿಟಾಗೆ ಏಳು ವರ್ಷ. ನಿನ್ನೆಯ ಫಿಟ್ಸ್ ನಾಲ್ಕು ನಿಮಿಷ.
ಆಗ ನಾವು ಮಾಡುವುದು ಇಷ್ಟೇ: ಗಡಿಯಾರ ನೋಡುವುದು.
ನೀವೂ ನೋಡಿ.’
ಕೈಗಡಿಯಾರ ಬಿಚ್ಚಿ ಮೇಜಿನ ಮೇಲಿಟ್ಟು ಸುಮ್ಮನಾದಳು.

ಅಧ್ಯಕ್ಷರ ಪೆನ್ನು ನಿಂತಿತು.
ಉಗಿಯ ಕೊಳವೆ ಒಮ್ಮೆ ಕಟಕಟ ಅಂದಿತು.
ಯಾರದೋ ಹೊಟ್ಟೆ ಗುರುಗುಟ್ಟಿತು.
ಹಳದಿ.
ವೆಂಡೆಲ್‌ನ ಕೈಯಲ್ಲಿ ಟೋಪಿ ಸುತ್ತುತ್ತಿತ್ತು, ಅಂಚು ಹಿಡಿದು, ಮೆಲ್ಲಗೆ.
ಕೆಂಪು.
ಅವಳು ಏಳಲಿಲ್ಲ. ಇನ್ನೂ ಒಂದು ನಿಮಿಷ ಬಾಕಿಯಿತ್ತು.

ನನ್ನ ಬೆರಳುಗಳು ಕೀಲಿಯ ಮೇಲೇ, ಊಟಕ್ಕೆ ಕೂತು ಬಡಿಸದವರ ಹಾಗೆ.
ಆ ನಿಮಿಷದಲ್ಲೇ ನೆನಪಾದದ್ದು ಅಕ್ಕ ಆರ್ಡಿಸ್‌ಳ ಬಚ್ಚಲುಮನೆ:
ಒಂಬತ್ತು ದಿನ ನೀರೂ ನಿಲ್ಲದ ಹೊಟ್ಟೆ,
ಮಿನ್ನೆಸೋಟದಿಂದ ಯಾರೋ ತಂದ ಬಿಸ್ಕತ್ತಿನ ಡಬ್ಬಿ,
ಬಾಗಿಲ ಸಂದಿಗೆ ಒತ್ತಿದ ಒದ್ದೆ ಟವೆಲ್ಲು.
ಒಂದು ಗಂಟೆಯ ಮೇಲೆ ಅವಳು ಅರ್ಧ ರೊಟ್ಟಿಚೂರು ತಿಂದಳು,
ಪ್ಲಮ್ ಜಾಮ್ ಸವರಿಕೊಂಡು. ಇನ್ನೂ ಸ್ವಲ್ಪ ಇದೆಯಾ, ಅಂದಳು.
ಪ್ರಮಾಣವಚನ ತೆಗೆದುಕೊಂಡ ಸರ್ಕಾರಿ ನೌಕರಳು ನಾನು.
ಗಾಳಿ ಎಳೆಯುವ ಫ್ಯಾನಿನ ಗುಂಡಿ ಒತ್ತಿದ್ದು ಈ ಬೆರಳೇ.

ಮಸೂದೆಯನ್ನು ನಲವತ್ತೊಂದನೆಯ ದಿನಕ್ಕೆ ಮುಂದೂಡಿದರು.
ಅಧಿವೇಶನಕ್ಕೆ ಇರುವುದೇ ನಲವತ್ತು ದಿನ.
ಕೊಂದದ್ದಕ್ಕೆ ಇಲ್ಲಿ ಹಾಗನ್ನುವುದು ವಾಡಿಕೆ.

ಸಂಜೆ ವಾಹನಗಳ ಬಯಲಲ್ಲಿ ಕಂಡೆ:
ಅವಳ ಕಾರಿನ ಗಾಜಿನ ಮೇಲಿನ ಮಂಜನ್ನು
ಹೆರೆದು ತೆಗೆಯುತ್ತಿದ್ದ ವೆಂಡೆಲ್.
ಮಾತಾಡಿದರೋ ಇಲ್ಲವೋ, ದೂರವಿತ್ತು.
ಅವನ ಮನಸ್ಸು ಬದಲಾಯಿತೆಂದು ಹೇಳಲಾರೆ. ಗಾಜಂತೂ ಕಂಡಿತು.

ರಾತ್ರಿ ಕಡತ ತಿದ್ದಲು ಕೂತೆ.
‘ಸಾಕ್ಷಿ ಮಾತಾಡಲಿಲ್ಲ’ ಎಂದು ಹೊಡೆದಿದ್ದೆ.
ಅದನ್ನು ಅಳಿಸಿದೆ.
‘ಸಾಕ್ಷಿ ನಾಲ್ಕು ನಿಮಿಷ’
ಎಂದು ಬರೆದು, ಕ್ರಿಯಾಪದ ಹುಡುಕುತ್ತ,
ಚಹಾಕ್ಕೆ ನೀರಿಟ್ಟು ಬಂದೆ.